ಗುಮ್ಮನ ಡಬ್ಬಿಗೆ ಇರುವೆಯ ಸಹಿ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಕನ್ನಡಕದ ಅಂಗಡಿ ಇದೆ. ಗಿರಾಕಿ ಒಬ್ಬ ಒಳಗೆ ಬಂದರೆ ಇನ್ನೊಬ್ಬ ಮೆಟ್ಟಿಲ ಮೇಲೆ ನಿಲ್ಲಬೇಕು, ಅಷ್ಟೇ ಜಾಗ. ಮೂಗಿನಿಂದ ಜಾರುವ ಫ್ರೇಮನ್ನು ಬಿಸಿಮಾಡಿ ಬಗ್ಗಿಸುವುದು, ಸಾಸಿವೆಯಷ್ಟು ತಿರುಪು ಬಿದ್ದುಹೋಗಿದ್ದರೆ ಇನ್ನೊಂದು ಹಾಕಿ ಬಿಗಿಯುವುದು, ಗೋಡೆಯ ಅಕ್ಷರದ ಹಲಗೆ ತೋರಿಸಿ "ಕೊನೇ ಸಾಲು ಓದಿ ನೋಡೋಣ" ಎನ್ನುವುದು, ಇವು ಅಂಗಡಿಯವನ ಹೊಟ್ಟೆಪಾಡು. ನೋಡಿದರೆ ಬಾಯಲ್ಲಿ ಬೆರಳಿಟ್ಟರೂ ಕಚ್ಚದವನು. ಆದರೆ ಊರಿನ ಕೆಲವರ ನಿದ್ದೆ ಕೆಡಿಸಿದ ಪುಣ್ಯಾತ್ಮ ಅವನೇ. ಅವರಿಗೆ ಅವನ ಮುಖ ಗೊತ್ತಿಲ್ಲ, ಹೆಸರು ಮಾತ್ರ ಗೊತ್ತು. ಗುಮ್ಮ.

ಜಿಯೋಕ್ಯಾಶಿಂಗ್ ಎಂದು ಒಂದು ಆಟ. ಬಲ್ಲವರಿಗೆ ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಳಿದರೆ "ಇವರಿಗೇನು ಬೇರೆ ಕೆಲಸ ಇಲ್ವಾ" ಅನ್ನುತ್ತಾರೆ, ಆದರೂ ಹೇಳುತ್ತೇನೆ. ಒಬ್ಬ ಎಲ್ಲೋ ಒಂದು ಸಣ್ಣ ಡಬ್ಬಿ ಬಚ್ಚಿಡುತ್ತಾನೆ. ಆ ಜಾಗದ ನಂಬರನ್ನು, ಅಂದರೆ ಭೂಪಟದ ಮೇಲೆ ಅದು ಇಂಥಲ್ಲೇ ಎಂದು ತೋರಿಸುವ ಅಂಕಿಗಳನ್ನು, ಆಟದ ಜಾಲತಾಣಕ್ಕೆ ಹಾಕುತ್ತಾನೆ. ಉಳಿದವರು ಫೋನು ಹಿಡಿದು ಹೋಗಿ ಹುಡುಕಬೇಕು. ಸಿಕ್ಕಿದರೆ ಒಳಗಿನ ಕಾಗದದ ಪಟ್ಟಿಯ ಮೇಲೆ ತಮ್ಮ ಆಟದ ಹೆಸರು ಬರೆದು ಡಬ್ಬಿಯನ್ನು ಇದ್ದಲ್ಲೇ ಇಡಬೇಕು. ಮೊದಲು ಸಹಿ ಹಾಕಿದವರಿಗೆ ಬಹುಮಾನವೇನಿಲ್ಲ. ಜಂಭ ಮಾತ್ರ ಸಿಗುತ್ತದೆ, ಅದು ಬೇಕಾದಷ್ಟಾಯಿತು.

ಗುಮ್ಮನಿಗೆ ಇಷ್ಟು ಸಾಲದು. ನಂಬರನ್ನು ನೇರವಾಗಿ ಕೊಟ್ಟರೆ ಮಜಾ ಏನು ಬಂತು? ಅವನು ಒಗಟು ಹಾಕುತ್ತಿದ್ದ. ಒಗಟು ಬಿಡಿಸಿದವರಿಗೇ ಜಾಗದ ನಂಬರು. ಒಮ್ಮೆ ಇಲ್ಲದ ಅಜ್ಜನೊಬ್ಬನಿಗೆ ಕಣ್ಣಿನ ಚೀಟಿ ಬರೆದು ಹಾಕಿದ. ಎರಡೂ ಕಣ್ಣಿನ ಪವರ್ ಕೂಡಿಸಿ ಕಳೆದರೆ ನಂಬರು. ಇನ್ನೊಮ್ಮೆ ಹಳೆಯ ಫೋನಿನ ತಿರುಗುವ ಡಯಲ್ ಕಟಕಟ ಎನ್ನುವ ಸದ್ದನ್ನು ಮಾತ್ರ ಹಾಕಿದ. ಡಬ್ಬಿಗಳೆಲ್ಲ ಹಳೆಯ ಕನ್ನಡಕದ ಡಬ್ಬಿಗಳೇ. ಒಂದಕ್ಕೆ ಮರದ ತೊಗಟೆಯ ಬಣ್ಣ, ಒಂದಕ್ಕೆ ತುಕ್ಕಿನ ಬಣ್ಣ, ಒಂದರ ಬೆನ್ನಿಗೆ ಅಯಸ್ಕಾಂತ. ಬಾಲ್ಕನಿಯಲ್ಲಿ ಬಣ್ಣ ಒಣಗಲು ಇಟ್ಟು "ಅಂಗಡಿ ಕೆಲಸ" ಎಂದು ಮನೆಯವರಿಗೆ ಹೇಳುತ್ತಿದ್ದ. ಮನೆಯವರು ಎಂದರೆ ಹೆಂಡತಿ ಮತ್ತು ಹೆಂಡತಿಯ ತಾಯಿ. ಅತ್ತೆ ಈಗ ಬರಲಿ, ಅವರಿಲ್ಲದೆ ಈ ಕಥೆಯೇ ಇಲ್ಲ.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತಿಯಾದವರು. ಊರಿನ ಅರ್ಧ ಜನರ ಹಳೆಯ ನಂಬರು ಅವರಿಗೆ ಇವತ್ತಿಗೂ ಬಾಯಿಪಾಠ. ಅಂಥವರಿಗೆ ಸಿಕ್ಕಿದ ಅಳಿಯನೋ, ಅಂಕಿಗಳನ್ನು ಹಿಂದುಮುಂದು ಮಾಡುವುದರಲ್ಲಿ ಎತ್ತಿದ ಕೈ. ಒಮ್ಮೆ ಹೆಂಡತಿಯ ಗೆಳತಿಯ ಮನೆಯಲ್ಲಿ ಮದುವೆಯ ಇಪ್ಪತ್ತೈದನೇ ವರ್ಷದ ಊಟ ಇತ್ತು. ಮನೆ ನಂಬರು ಮೂವತ್ತೆಂಟು. ಹೆಂಡತಿ ಮೊದಲೇ ಹೋಗಿದ್ದಳು. ಅತ್ತೆಯನ್ನು ಕರೆದುಕೊಂಡು ಇವನು ಹೋದದ್ದು ಅದೇ ಬೀದಿಯ ಎಂಬತ್ತಮೂರಕ್ಕೆ. ಅಲ್ಲೂ ಏನೋ ಸಮಾರಂಭ, ಅಲ್ಲೂ ಬಾಗಿಲಲ್ಲಿ ಹೂವು. ಹೋದವನು ಗೋಡೆ ಗಡಿಯಾರ ಉಡುಗೊರೆ ಕೊಟ್ಟು, ಫೋಟೋಗೆ ಹಲ್ಲು ಬಿಟ್ಟು, ಸಿಹಿ ಎರಡು ಸಲ ಹಾಕಿಸಿಕೊಂಡು, ಕೈ ತೊಳೆಯುವಾಗ "ನೀವು ಯಾರ ಕಡೆಯವರು?" ಎಂದು ಕೇಳಿಸಿಕೊಂಡ. ಗಡಿಯಾರ ವಾಪಸ್ಸು ಕೇಳುವ ಧೈರ್ಯ ಯಾರಿಗಿರುತ್ತದೆ? ಅಂದಿನಿಂದ ಮನೆಗೆ ಯಾರೇ ಬರಲಿ, ಕುರ್ಚಿ ಎಳೆದು ಕೂರುವ ಮೊದಲೇ ಅತ್ತೆ ಆ ಕಥೆ ಹೇಳಿ ಮುಗಿಸಿರುತ್ತಿದ್ದರು. "ನಮ್ಮ ಅಳಿಯಂದ್ರ ಲೆಕ್ಕದಲ್ಲಿ ಮೂವತ್ತೆಂಟೂ ಒಂದೇ, ಎಂಬತ್ತಮೂರೂ ಒಂದೇ. ಊಟ ಸಿಕ್ಕಿದ್ರೆ ಆಯ್ತು" ಎನ್ನುವುದು ಕಥೆಯ ಕೊನೆಯ ಸಾಲು.

ಹೀಗಾಗಿ ಅತ್ತೆ ಅಳಿಯಂದು ಎಣ್ಣೆ ಸೀಗೆಕಾಯಿ ಸಂಬಂಧ. ಒಂದೇ ಮೇಜಿನಲ್ಲಿ ಕೂತು "ನಿಮ್ಮಮ್ಮನಿಗೆ ನೀರು ಬೇಕಾ ಕೇಳು" ಎಂದು ಇವನು, "ನಿನ್ನ ಗಂಡನಿಗೆ ಬೇಡ ಅಂತ ಹೇಳು" ಎಂದು ಅವರು. ಅತ್ತೆ ಹಿಂದೆ ಮಾಡುತ್ತಿದ್ದ ಆಪರೇಟರ್ ಕೆಲಸವನ್ನೇ ನಡುವೆ ಕೂತ ಹೆಂಡತಿ ಮಾಡುತ್ತಿದ್ದಳು.

ಮನೆಯಲ್ಲಿ ಈ ಪಾಡಾದರೆ, ಹೊರಗೆ ಗುಮ್ಮನಿಗೆ ಒಬ್ಬ ಜೀವದ ಶತ್ರು ಇದ್ದ, ಆಟದ ಹೆಸರು ಇರುವೆ. ಗುಮ್ಮ ಎಂಥ ಒಗಟು ಹಾಕಲಿ, ಎಲ್ಲಿ ಬಚ್ಚಿಡಲಿ, ಕಾಗದದ ಪಟ್ಟಿಯ ಮೊದಲನೇ ಸಾಲಿನಲ್ಲಿ ಪುಟ್ಟ ದುಂಡು ಅಕ್ಷರದಲ್ಲಿ ಇರುವೆಯ ಸಹಿ ಕೂತಿರುತ್ತಿತ್ತು. ಇವನು ಚಾಪೆ ಕೆಳಗೆ ತೂರಿದರೆ ಅದು ರಂಗೋಲಿ ಕೆಳಗೆ ತೂರುವ ಪ್ರಾಣಿ. ಬರೀ ಸಹಿಯಾದರೆ ಸಹಿಸಬಹುದಿತ್ತು, ಪಕ್ಕದಲ್ಲಿ ಒಂದು ಚುಚ್ಚುಮಾತು ಬೇರೆ. ಕಣ್ಣಿನ ಚೀಟಿಯ ಒಗಟಿಗೆ "ಬಲಗಣ್ಣು ಪರವಾಗಿಲ್ಲ, ಎಡಗಣ್ಣನ್ನು ಒಳ್ಳೆಯ ಕಡೆ ತೋರಿಸಿ" ಎಂದು ಬರೆದಿತ್ತು. ಡಯಲ್ ಸದ್ದಿನ ಒಗಟಿಗೆ "ಇಷ್ಟು ನಿಧಾನಕ್ಕೆ ತಿರುಗಿಸಿದರೆ ಲೈನ್ ಕಟ್ಟಾಗುತ್ತದೆ". ನೀರಿನ ಟ್ಯಾಂಕಿನ ಗುಡ್ಡದ ತುದಿಯಲ್ಲಿ, ಹತ್ತಿದರೆ ಉಸಿರು ಬಾಯಿಗೆ ಬರುವ ಕಡಿದಾದ ಮೆಟ್ಟಿಲ ಮೇಲೆ ಬಚ್ಚಿಟ್ಟಾಗ "ಗಾಳಿ ಚೆನ್ನಾಗಿದೆ" ಎಂದಷ್ಟೇ ಇತ್ತು. ಅದನ್ನು ಓದಿ ಗುಮ್ಮ ತೀರ್ಮಾನ ಮಾಡಿದ: ಇರುವೆ ಎಂದರೆ ಗಟ್ಟಿ ಕಾಲಿನ ಯಾವನೋ ತರುಣ. ಅಂಗಡಿಗೆ ಬಂದ ಗಿರಾಕಿಗಳ ಮುಖಕ್ಕಿಂತ ಮೊದಲು ಮೀನಖಂಡ ನೋಡುವ ಅಭ್ಯಾಸ ಶುರುವಾಯಿತು.

ಬೈದುಕೊಳ್ಳುತ್ತಲೇ ಅವನು ಇರುವೆಗಾಗಿಯೇ ಒಗಟು ಹಾಕುವುದಕ್ಕೆ ಶುರುಮಾಡಿದ್ದ, ಅದು ಅವನಿಗೂ ಗೊತ್ತಿತ್ತು. ಫ್ರೇಮ್ ಬಗ್ಗಿಸುವಾಗ, ಸ್ನಾನ ಮಾಡುವಾಗ "ಇದಕ್ಕೆ ಇರುವೆ ಏನನ್ನುತ್ತಾನೆ ನೋಡೋಣ" ಎಂದು ತನ್ನಷ್ಟಕ್ಕೆ ನಗುತ್ತಿದ್ದ. ಅವನ ತಲೆಯೊಳಗೆ ಓಡುವುದನ್ನು ಅರ್ಥಮಾಡಿಕೊಂಡವರು ಜಗತ್ತಿನಲ್ಲಿ ಒಬ್ಬರಿದ್ದರೆ, ಅದು ಆ ಇರುವೆ. ಒಮ್ಮೆ ಮರ್ಯಾದೆಗೆಂದು ಡಬ್ಬಿಯಲ್ಲಿ ಒಂದು ಪೊಟ್ಟಣ ಸಕ್ಕರೆ ಇಟ್ಟ. "ಸಕ್ಕರೆ ಹಳೆಯದು" ಎಂದು ಉತ್ತರ ಬಂತು. ಅದೇ ದಿನ ಸಂಜೆ ಮನೆಯಲ್ಲಿ ಅತ್ತೆ, "ನಿನ್ನ ಗಂಡ ತರೋ ಸಕ್ಕರೆ ಯಾವ ಕಾಲದ್ದೋ, ಕರಗೋದೇ ಇಲ್ಲ" ಎಂದರು. ಇವನು ಕೇಳಿಸಿಕೊಂಡ. ಆದರೂ ಅವನ ತಲೆಗೆ ಏನೂ ಹೊಳೆಯಲಿಲ್ಲ ನೋಡಿ!

ಹೌದು, ಇರುವೆ ಅತ್ತೆಯೇ. ನಿಮ್ಮನ್ನು ಸತಾಯಿಸಿ ನನಗೇನು ಸಿಗಬೇಕು? ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಊರಿಗೆಲ್ಲ ಕನ್ನಡಕ ಹಾಕುವವನ ಮನೆಯಲ್ಲಿ ಆ ಕತ್ತಲೆ ಮೂರು ವರ್ಷ ಇತ್ತು.

ಅದು ಶುರುವಾದದ್ದು ಹೀಗೆ. ಅಳಿಯ ಬೆಳಗಾಗುವ ಮೊದಲೇ ಏನನ್ನೋ ಕಂಕುಳಲ್ಲಿ ಅವಿತಿಟ್ಟುಕೊಂಡು ಹೊರಡುವುದನ್ನು ಅತ್ತೆ ನೋಡಿದರು. ಗಂಡಸು ಕದ್ದು ಹೊರಟರೆ ಅತ್ತೆಯಾದವಳಿಗೆ ಬರುವ ಅನುಮಾನ ಒಂದೇ. "ಇವನಿಗೆ ಎಲ್ಲೋ ಇನ್ನೊಂದು ಮನೆ ಇದೆ" ಎಂದುಕೊಂಡು ಹಿಂದೆಯೇ ಹೋದರು. ಕೈಯಲ್ಲಿ ಛತ್ರಿ ಇತ್ತು, ಮಳೆ ಇರಲಿಲ್ಲ. ಛತ್ರಿ ಬೇರೆ ಉಪಯೋಗಕ್ಕೆ. ಅಳಿಯ ಉದ್ಯಾನದೊಳಗೆ ಹೋಗಿ ಮರದ ಪೊಟರೆಯಲ್ಲಿ ಕನ್ನಡಕದ ಡಬ್ಬಿ ತುರುಕಿ, ಎರಡು ಹೆಜ್ಜೆ ಹಿಂದೆ ಸರಿದು, ಮಗುವಿಗೆ ದೃಷ್ಟಿಯಾದೀತೋ ಎನ್ನುವಂತೆ ನೋಡಿ, ಖುಷಿಯಿಂದ ಹೊರಟುಹೋದ. ಅತ್ತೆ ಡಬ್ಬಿ ತೆಗೆದರು. ಪ್ರೇಮಪತ್ರ ಇರಲಿಲ್ಲ. ಆಟದ ನಿಯಮ ಬರೆದ ಚೀಟಿ, ಖಾಲಿ ಪಟ್ಟಿ, ಮೋಟು ಪೆನ್ಸಿಲ್ಲು ಇದ್ದವು. ನಿಯಮ ಓದಿದರು. ಕಾಲ ಬಳಿ ಇರುವೆಯ ಸಾಲು ಹೋಗುತ್ತಿತ್ತು. ಆ ಹೆಸರನ್ನೇ ಬರೆದರು. ಆ ದಿನ ಮನೆಗೆ ಬಂದವರು ಮಧ್ಯಾಹ್ನದವರೆಗೂ ಒಬ್ಬರೇ ನಗುತ್ತಿದ್ದರಂತೆ.

ಆಮೇಲೆ ರುಚಿ ಹತ್ತಿತು. ಮೊದಲನೆಯದನ್ನು ಕಣ್ಣಾರೆ ಕಂಡು ತೆಗೆದದ್ದು, ಮಿಕ್ಕಿದ್ದೆಲ್ಲ ತಲೆ ಓಡಿಸಿ. ಮಗಳ ಹಳೆಯ ಫೋನು ಇಸಿದುಕೊಂಡು, ಯಾರಿಗೂ ಹೇಳಕೂಡದೆಂದು ಮಗಳಿಂದ ಆಣೆ ಹಾಕಿಸಿಕೊಂಡರು. ದಿನಾ ಬೆಳಿಗ್ಗೆ ಹೊರಗೆ ಹೋಗುವುದಕ್ಕೆ ನೆಪ ಬೇಕಲ್ಲ? ಮೊಣಕಾಲು ನೋವು ಎಂದರು. ಮೊಣಕಾಲಿನ ವ್ಯಾಯಾಮ ಕೇಂದ್ರಕ್ಕೆ ಹೋಗಬೇಕೆಂದರು. ಅಂಥದೊಂದು ಕೇಂದ್ರ ಊರಿನಲ್ಲಿ ಇಲ್ಲವೇ ಇಲ್ಲ, ಆದರೆ ಅತ್ತೆಯ ಮೊಣಕಾಲನ್ನು ಪರೀಕ್ಷಿಸಲು ಯಾವ ಅಳಿಯನಿಗೆ ಪುರಸೊತ್ತು? ಮೆಟ್ಟಿಲ ಕೆಳಗಿಳಿಯುವವರೆಗೆ ಕುಂಟುತ್ತಾ ಹೋಗುವುದು, ಬೀದಿಯ ತಿರುವು ದಾಟಿದ ಮೇಲೆ ಬಾಣದ ಹಾಗೆ ನಡೆಯುವುದು. ಕಾಲಿಗೆ ಕಟ್ಟುವ ಪಟ್ಟಿಯ ಚೀಲದಲ್ಲಿ ಫೋನು. ಪಾಪ, ಅಳಿಯ ಮುಖ ಸಿಂಡರಿಸಿಕೊಂಡೇ ತಿಂಗಳಿಗೊಂದು ಬಾಟಲಿ ನೋವಿನ ಎಣ್ಣೆ ತರುತ್ತಿದ್ದ. ಅತ್ತೆ ಅದನ್ನು ಬಾಗಿಲ ಕೀಲುಗಳಿಗೆ ಬಿಡುತ್ತಿದ್ದರು. ಆ ಮನೆಯ ಬಾಗಿಲುಗಳು ಕಿರ್ ಎಂದದ್ದೇ ಇಲ್ಲ.

ಆದರೆ ಸುಳ್ಳಿಗೂ ಬಡ್ಡಿ ಕಟ್ಟಬೇಕಾಗುತ್ತದೆ. ಅತ್ತೆಯ ದೊಡ್ಡ ಮಗಳು ಬೇರೆ ಊರಿನಲ್ಲಿ ಎಂಟನೇ ಮಹಡಿಯ ಹೊಸ ಮನೆಗೆ ಹೋದಳು. ಆ ಕಟ್ಟಡಕ್ಕೆ ಲಿಫ್ಟು ಇತ್ತು. ಇವರದು ಎರಡನೇ ಮಹಡಿ, ಬರೀ ಮೆಟ್ಟಿಲು. ಅಳಿಯನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಊಟಕ್ಕೆ ಕೂತಾಗೆಲ್ಲ ಲಿಫ್ಟಿನ ಪುರಾಣ.

"ನಿಮ್ಮಮ್ಮನಿಗೆ ಹೇಳು, ಅಲ್ಲಿ ಲಿಫ್ಟ್ ಇದೆಯಂತೆ. ಮೊಣಕಾಲಿಗೆ ಎಷ್ಟು ಒಳ್ಳೇದು!"

"ನಿನ್ನ ಗಂಡನಿಗೆ ಹೇಳು, ನನಗೆ ಮೆಟ್ಟಿಲು ಅಭ್ಯಾಸ ಆಗಿದೆ."

"ಅಯ್ಯೋ, ದಿನಾ ಆ ಕುಂಟೋದು ನೋಡೋಕಾಗಲ್ಲ ಕಣೇ. ನನಗೇ ಕರುಳು ಕಿತ್ತು ಬರುತ್ತೆ."

ಅತ್ತೆ ಏನು ಹೇಳಿಯಾರು? ಕಾಲು ಸರಿಯಿದೆ ಎಂದರೆ ಮೂರು ವರ್ಷದ ನಾಟಕ ಬಯಲಾಗುತ್ತದೆ. ಸರಿಯಿಲ್ಲ ಎಂದರೆ ಲಿಫ್ಟು. ತಾವೇ ತೋಡಿದ ಗುಂಡಿ. ದೊಡ್ಡ ಮಗಳಂತೂ ಅಮ್ಮನಿಗೆಂದು ಕೋಣೆ ಸಿದ್ಧಮಾಡಿ, ಬಚ್ಚಲಿಗೆ ಹಿಡಿಕೆ ಹಾಕಿಸಿ, ಭಾನುವಾರ ಕಾರು ತರುತ್ತೇನೆಂದು ಫೋನು ಮಾಡಿಯೇಬಿಟ್ಟಳು. ಅಳಿಯ ಆ ದಿನ ಅಂಗಡಿಯಲ್ಲಿ ಶಿಳ್ಳೆ ಹಾಕುತ್ತಾ ಫ್ರೇಮ್ ಒರೆಸಿದ. ಇನ್ನು ಬಾಲ್ಕನಿ ತನ್ನದು. ಇನ್ನು ಎಂಬತ್ತಮೂರರ ಕಥೆ ಹೇಳುವವರಿಲ್ಲ.

ಆ ಸಂತೋಷ ಎರಡು ದಿನ ಬಾಳಿತು. ಮೂರನೆಯ ದಿನ ಗ್ರಂಥಾಲಯದ ಹಿಂದಿನ ಡಬ್ಬಿಯ ಪಟ್ಟಿ ಬದಲಿಸಲು ಹೋದಾಗ ಅದರ ಮೇಲೆ ಹೀಗಿತ್ತು: "ಬರುವ ಭಾನುವಾರ ಊರು ಬಿಡುತ್ತಿದ್ದೇನೆ. ಇನ್ನು ನಿಮ್ಮ ಡಬ್ಬಿಗಳು ಸೊಳ್ಳೆಯ ಪಾಲು. ಇರುವೆ."

ಸೊಳ್ಳೆ ಎನ್ನುವುದು ಅದೇ ಆಟದ ಇನ್ನೊಬ್ಬ, ವೃತ್ತಿಯಲ್ಲಿ ಪಾರ್ಸೆಲ್ ಹಂಚುವವನು. ಒಳ್ಳೆಯವನೇ, ಆದರೆ ಎರಡು ಎರಡು ನಾಲ್ಕು ಎನ್ನಲು ಮೂರು ಸಲ ಫೋನು ನೋಡುವವನು. ಅಂಥವನಿಗಾಗಿ ಒಗಟು ಹಾಕಬೇಕೇ? ಗುಮ್ಮ ಅಂಗಡಿಗೆ ಬಂದು ಕೂತ. ಒಬ್ಬ ಮುದುಕಿಗೆ ಗಂಡನ ಕನ್ನಡಕ ಕೊಟ್ಟ, ಗಂಡನಿಗೆ ಮುದುಕಿಯದು. "ಭಾನುವಾರ ಒಂದೇ ದಿನ ಎರಡು," ಎಂದು ಮನಸ್ಸಿನಲ್ಲೇ ಗೊಣಗಿದ, "ಹೋಗಬೇಕಾದವರು ಹೋಗ್ತಿದಾರೆ, ಇರಬೇಕಾದವನೂ ಹೋಗ್ತಿದಾನೆ." ಇಷ್ಟು ಹತ್ತಿರ ಬಂದೂ ಮುಟ್ಟಲಿಲ್ಲ ಪುಣ್ಯಾತ್ಮ!

ಇರುವೆಗೆ ಬೀಳ್ಕೊಡುಗೆಯ ಒಗಟು ಹಾಕಬೇಕೆಂದು ನಿರ್ಧರಿಸಿದ. ಜೀವಮಾನದಲ್ಲೇ ದೊಡ್ಡದು. ಒಂದು ಗಾಜಿಲ್ಲದ, ಒಂದು ಕಡ್ಡಿಯಿಲ್ಲದ, ತಲೆಕೆಳಗಾದ ಕನ್ನಡಕಗಳ ಒಂದು ದೊಡ್ಡ ಚಿತ್ರ ಬರೆದ. ಯಾವುದಕ್ಕೆ ಏನು ಕೊರತೆ ಎಂದು ಸರಿಯಾಗಿ ನೋಡಿದರೆ ಜಾಗದ ನಂಬರು ಒಂದೊಂದೇ ಅಂಕಿಯಾಗಿ ಬರುತ್ತಿತ್ತು. ಕೆರೆಯ ದಂಡೆಯಲ್ಲಿ ಕಬ್ಬಿಣದ ಬೆಂಚಿನ ಅಡಿಗೆ, ಅಯಸ್ಕಾಂತದ ಡಬ್ಬಿ. ಹೇಳಿಕೊಳ್ಳಲಾಗದ ಸಂಕಟದಲ್ಲಿ, ಅವಸರದಲ್ಲಿ ಮುಗಿಸಿ, ಶುಕ್ರವಾರ ಸಂಜೆ ಜಾಲತಾಣಕ್ಕೆ ಹಾಕಿದ.

ಶನಿವಾರ ಮಧ್ಯಾಹ್ನ ಸೊಳ್ಳೆಯಿಂದ ಸಂದೇಶ ಬಂತು. "ಗುಮ್ಮಣ್ಣ, ಹೇಗೋ ಮಾಡಿ ಬಿಡಿಸಿದೆ. ಈಗ ಕೆರೆ ಕೆಸರಲ್ಲಿ ಮೊಣಕಾಲುದ್ದ ನಿಂತಿದೀನಿ. ನಂಬರು ಇನ್ನೂ ನೀರಿನ ಮಧ್ಯಕ್ಕೆ ಕರೀತಿದೆ. ಈಜು ಬರಬೇಕಾ?"

ಗುಮ್ಮ ಚಿತ್ರ ತೆಗೆದು ನೋಡಿದ. ಕೊನೆಯ ಎರಡು ಅಂಕಿ ಮೂವತ್ತೆಂಟು ಇರಬೇಕಿತ್ತು. ಇದ್ದದ್ದು ಎಂಬತ್ತಮೂರು. ಹಣೆ ಹಣೆ ಚಚ್ಚಿಕೊಂಡ. ಬೀಳ್ಕೊಡುಗೆಯ ಒಗಟನ್ನೇ ಕೆಡಿಸಿದ್ದ. ಇರುವೆ ಬಂದು, ನೀರು ನೋಡಿ, ಗುಮ್ಮನಿಗೆ ತಲೆ ಕೆಟ್ಟಿದೆಯೆಂದು ನಗುತ್ತಾ ಊರು ಬಿಡುತ್ತಾನೆ! ಅಂಗಡಿಯ ಬಾಗಿಲೆಳೆದು ಓಡಿದ. ಯಾರಿಗೂ ಸಿಗುವ ಮೊದಲು ಡಬ್ಬಿಯನ್ನಾದರೂ ತೆಗೆದುಬಿಡೋಣ ಎಂದು ಬೆಂಚಿನ ಅಡಿಗೆ ಕೈ ಹಾಕಿದ. ತೆರೆದರೆ ಮೊದಲನೇ ಸಾಲಿನಲ್ಲಿ ಪುಟ್ಟ ದುಂಡು ಅಕ್ಷರ.

"ಉತ್ತರ ನೀರಿನ ಮಧ್ಯೆ ಬಂತು. ಮೂವತ್ತೆಂಟನ್ನು ಎಂಬತ್ತಮೂರು ಮಾಡುವವರು ಈ ಊರಿನಲ್ಲಿ ಒಬ್ಬರೇ. ಆ ಸಲ ಊಟವಾದರೂ ಸಿಕ್ಕಿತ್ತು. ಇರುವೆ."

ಒಮ್ಮೆ ಓದಿದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ. ಆಮೇಲೆ ಬೆಂಚಿನ ಮೇಲೆ ಕೂತುಬಿಟ್ಟ.

ಮೊದಲು ಬಂದದ್ದು ಸಿಟ್ಟು. ಮೂರು ವರ್ಷದ ಎಣ್ಣೆ ಬಾಟಲಿಗಳು! ಟ್ಯಾಂಕಿನ ಗುಡ್ಡ ಹತ್ತಿ "ಗಾಳಿ ಚೆನ್ನಾಗಿದೆ" ಎಂದ ಕಾಲು, ಅದೇ ಸಂಜೆ ಸ್ಟೂಲಿನ ಮೇಲೆ ಚಾಚಿಕೊಂಡು "ಅಮ್ಮಾ" ಎಂದ ಕಾಲು! ಹಳೆಯ ಸಕ್ಕರೆ! ಒಂದೊಂದೇ ನೆನಪಾಗುತ್ತಾ ಸಿಟ್ಟು ಎಲ್ಲಿ ಹೋಯಿತೋ, ನಗು ಉಕ್ಕಿಬಂತು. ಪಕ್ಕದಲ್ಲಿ ಕೂತಿದ್ದವರು ಎದ್ದು ಬೇರೆ ಬೆಂಚಿಗೆ ಹೋಗುವಷ್ಟು ನಕ್ಕ. ನಗುವಿನ ನಡುವೆಯೇ ನೆನಪಾಯಿತು: ನಾಳೆ ಭಾನುವಾರ. ಇರುವೆಯನ್ನು ಊರು ಬಿಡಿಸುತ್ತಿರುವವನು ತಾನೇ. ದಿನಾ ಊಟದ ಹೊತ್ತಿಗೆ ಲಿಫ್ಟು ಲಿಫ್ಟು ಎಂದು ಜಪ ಮಾಡಿ ದೂಡುತ್ತಿರುವವನು ತಾನೇ. ಗುಮ್ಮನಿಗೆ ಅಳು ಬಂತು. ಸುಳ್ಳೇಕೆ ಹೇಳಲಿ, ಒಂದೆರಡು ಹನಿ ಬಿದ್ದೂ ಬಿತ್ತು.

ಮನೆಗೆ ಬಂದರೆ ಅತ್ತೆ ಮಾಮೂಲಿ ಕುರ್ಚಿಯಲ್ಲಿ ಪಟ್ಟಿ ಕಟ್ಟಿದ ಕಾಲು ಚಾಚಿ ಕೂತಿದ್ದರು. ಇವನು ನಿಂತಲ್ಲೇ ನಿಂತು ನೋಡಿದ.

"ಏನು ಅಳಿಯಂದ್ರೇ, ಹಾಗೆ ನೋಡ್ತಿದೀರಿ? ನನ್ನ ಮುಖದ ಮೇಲೇನು ಅಕ್ಷರದ ಹಲಗೆ ಇದೆಯಾ?" ಎಂದರು ಅತ್ತೆ. ಮಗಳ ಮೂಲಕವಲ್ಲ, ನೇರವಾಗಿ.

ಇವನು ಸೀದಾ ಅಡುಗೆಮನೆಗೆ ಹೋಗಿ ಹೆಂಡತಿಯ ಮುಂದೆ ಡಬ್ಬಿಯ ಪಟ್ಟಿ ಹಿಡಿದ. ಅವಳು ಓದಿ, ಸೆರಗು ಬಾಯಿಗೆ ತುರುಕಿಕೊಂಡು, ಸಿಂಕು ಹಿಡಿದು ನಕ್ಕಳು.

"ಮೂರು ವರ್ಷದಿಂದ ಗೊತ್ತಿತ್ತಾ ನಿನಗೆ?"

"ಅಮ್ಮನ ಕೆಸರು ಚಪ್ಪಲಿ ತೊಳೀತಿದ್ದೋಳು ನಾನೇ ಅಲ್ವಾ? ಅವಳ ಚಪ್ಪಲಿಗೂ ನಿಮ್ಮ ಚಪ್ಪಲಿಗೂ ಒಂದೇ ಕೆಸರು."

"ನನಗೊಂದು ಮಾತು ಹೇಳಬಾರದಿತ್ತಾ?"

"ಆಣೆ ಹಾಕಿಸಿಕೊಂಡಿದ್ಳು. ಅದೂ ಅಲ್ದೆ ರೀ, ಮನೇಲಿ ಮಾತಾಡದೋರು ಊರ ತುಂಬಾ ಮಾತಾಡ್ಕೊಂಡು ಓಡಾಡ್ತಿದ್ರಿ. ನಾನ್ಯಾಕೆ ಕೆಡಿಸಲಿ?" ಎಂದಳು. ಆಮೇಲೆ ನಗು ನಿಲ್ಲಿಸಿ, "ಈಗ ಹೋಗಿ ಹೇಳಿ. 'ಹೋಗಬೇಡಿ' ಅಂತ. ಒಂದೇ ಮಾತು."

"ನಿಮ್ಮಕ್ಕ ಕೇಳಲ್ವಾ, ಕಾಲಿನ ಗತಿ ಏನು ಅಂತ? ಕಾಲು ಸರಿಯಿದೆ ಅಂದ್ರೆ ನಿಮ್ಮಮ್ಮನ ಮರ್ಯಾದೆ ಏನಾಗಬೇಕು? ಅಕ್ಕ ಬಚ್ಚಲಿಗೆ ಹಿಡಿಕೆ ಬೇರೆ ಹಾಕಿಸಿದಾರೆ."

"ಲಿಫ್ಟ್ ಅಂದೋರು ನೀವು. ಇಳಿಸೋದೂ ನೀವೇ ನೋಡ್ಕೊಳ್ಳಿ," ಎಂದು ಅವಳು ಪಾತ್ರೆಯ ಕಡೆ ತಿರುಗಿದಳು.

ಭಾನುವಾರ ಬೆಳಿಗ್ಗೆ ದೊಡ್ಡ ಮಗಳು ಬಂದಳು. ಇವನಿಗೆ ಅತ್ತಿಗೆಯಾಗಬೇಕು, ಅರ್ಧ ಗಂಟೆ ಕೂತರೆ ಮೂರು ಸಲ ಗಡಿಯಾರ ನೋಡುವ ಹೆಂಗಸು. ಬಾಗಿಲ ಬಳಿ ಅತ್ತೆಯ ನೀಲಿ ಸೂಟ್‌ಕೇಸು ನಿಂತಿತ್ತು. ಅತ್ತಿಗೆ ಅದನ್ನು ಎತ್ತಲು ಹೋದರೆ, "ಮುಟ್ಟಬೇಡ, ಒಳಗೆ ಔಷಧಿ ಶೀಶೆ ಇವೆ, ಒಡೆದಾವು" ಎಂದರು ಅತ್ತೆ. ಕೋಲು ಹಿಡಿದು, ಪಟ್ಟಿ ಕಟ್ಟಿ, ಅಂದು ಎಂದಿಗಿಂತ ಹೆಚ್ಚಾಗಿಯೇ ಕುಂಟಿದರು. ಅಳಿಯನ ಕಡೆ ನೋಡಲೇ ಇಲ್ಲ. ಕೊನೆಗೆ ಚಪ್ಪಲಿಯನ್ನೂ ಹಾಕಿಕೊಂಡರು.

ಕನ್ನಡಕದವನು ಬಾಗಿಲಿಗೆ ಅಡ್ಡ ಬಂದ. ಈಗ ಬಾಯಿ ಬಿಡದಿದ್ದರೆ ಇನ್ನು ಯಾವಾಗ?

"ಅತ್ತಿಗೆ, ಒಂದು ನಿಮಿಷ," ಎಂದ. "ನಿನ್ನೆ ವ್ಯಾಯಾಮ ಕೇಂದ್ರದೋರು ಅಂಗಡಿಗೆ ಫೋನ್ ಮಾಡಿದ್ರು."

ಅತ್ತೆಯ ಕೋಲು ನೆಲಕ್ಕೆ ತಾಗುವ ಮೊದಲೇ ನಿಂತಿತು. ಇಲ್ಲದ ಕೇಂದ್ರದಿಂದ ಫೋನು!

"ಏನಂತೆ?" ಎಂದಳು ಅತ್ತಿಗೆ.

"ಈಗ ನಿಲ್ಲಿಸಿದ್ರೆ ಮೂರು ವರ್ಷ ಮಾಡಿದ್ದೆಲ್ಲ ನೀರಲ್ಲಿ ಹೋಮ ಆಗುತ್ತಂತೆ. ಮೊಣಕಾಲು ಗಂಟು ಕಟ್ಟಿ ಮಡಚೋಕೇ ಬರಲ್ವಂತೆ. ಇದೇ ಊರಲ್ಲಿದ್ದು ದಿನಾ ನಡೀಬೇಕು ಅಂದ್ರು."

"ನಮ್ಮನೇಲಿ ಲಿಫ್ಟ್ ಇದೆಯಲ್ಲ!"

"ಲಿಫ್ಟಿನ ವಿಷಯ ನಾನೇ ಎತ್ತಿದೆ ಅತ್ತಿಗೆ. ಅಯ್ಯಯ್ಯೋ, ಲಿಫ್ಟ್ ಅಂದ ತಕ್ಷಣ ಬೈದ್ರು ನನಗೆ. ಅದರಿಂದಲೇ ಜನ ಕಾಲು ಕಳ್ಕೊಳ್ಳೋದಂತೆ. ಇವರಿಗೆ ಮೆಟ್ಟಿಲೇ ಔಷಧಿ ಅಂದ್ರು."

ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ಹೆಂಡತಿ ಅಲ್ಲಿ ಒಳಗೊಳಗೇ ನಕ್ಕು ಸಾಯುತ್ತಿದ್ದಳು. ಅತ್ತೆ ನಿಧಾನಕ್ಕೆ ತಿರುಗಿ, ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಮೂವತ್ತು ವರ್ಷ ಊರಿನ ಗುಟ್ಟುಗಳನ್ನೆಲ್ಲ ಕಿವಿಯಲ್ಲಿ ಕೇಳಿ ಬಾಯಿ ಬಿಡದ ಮುಖ ಅದು.

"ನಿಜವಾಗ್ಲೂ ಅವರೇನಾ ಫೋನ್ ಮಾಡಿದ್ದು? ನಂಬರು ನೋಡಿಕೊಂಡ್ರಾ?"

"ನೋಡಿಕೊಂಡೆ ಅತ್ತೆ. ಕೊನೆಗೆ ಎಂಬತ್ತಮೂರು."

"ಎಂಬತ್ತಮೂರಲ್ಲ," ಎಂದರು ಅತ್ತೆ, "ಮೂವತ್ತೆಂಟು. ಅವರೇ ಬಿಡಿ. ನೀವು ಯಾವತ್ತು ಸರಿಯಾಗಿ ಓದಿದೀರಿ?"

ಎಂದವರೇ ಕುರ್ಚಿಗೆ ಹೋಗಿ ಕೂತು ಚಪ್ಪಲಿ ಬಿಚ್ಚಿದರು.

ಅತ್ತಿಗೆ ಸ್ವಲ್ಪ ಹೊತ್ತು ಕೂಗಾಡಿದಳು. ಬಚ್ಚಲಿನ ಹಿಡಿಕೆಯ ಮಾತು ಬಂತು. ಆ ವ್ಯಾಯಾಮದವರ ಜೊತೆ ತಾನೇ ಮಾತಾಡುತ್ತೇನೆಂದಳು. ಭಾನುವಾರ ರಜಾ ಎಂದು ಅತ್ತೆ, ಅಳಿಯ ಇಬ್ಬರೂ ಒಟ್ಟಿಗೇ ಹೇಳಿದರು. ಇಬ್ಬರೂ ಒಂದೇ ಮಾತು ಆಡಿದ್ದನ್ನು ಆ ಮನೆಯ ಗೋಡೆಗಳು ಮೊದಲ ಸಲ ಕೇಳಿದವು. ಕೊನೆಗೆ ಊಟ ಮಾಡಿ, ಸಂಜೆಗೆ ಅತ್ತಿಗೆ ಹೊರಟಳು. ರಜದಲ್ಲಿ ಹದಿನೈದು ದಿನಕ್ಕೆ ಅಮ್ಮ ಬರಬೇಕೆಂದು ಮಾತು ತೆಗೆದುಕೊಂಡೇ ಹೊರಟಳು, ಪಾಪ. ಹೆಂಡತಿ ಅಕ್ಕನನ್ನು ಕಾರಿನವರೆಗೆ ಬಿಡಲು ಇಳಿದುಹೋದಳು.

ಮನೆಯಲ್ಲಿ ಇಬ್ಬರೇ ಉಳಿದರು. ಸೂಟ್‌ಕೇಸನ್ನು ಒಳಗಿಡೋಣವೆಂದು ಅವನು ಸೊಂಟ ಗಟ್ಟಿಮಾಡಿಕೊಂಡು ಹಿಡಿಕೆಗೆ ಕೈ ಹಾಕಿ ಎಳೆದ. ಅದು ಸರ್ರನೆ ಮೇಲೆದ್ದು ಬಂತು, ಇವನು ಹಿಂದಕ್ಕೆ ಮುಗ್ಗರಿಸಿ ಗೋಡೆಗೆ ತಾಗಿದ. ಅಷ್ಟು ಹಗುರ.

"ಅತ್ತೆ, ಇದರಲ್ಲೇನೂ ಇಲ್ಲ!"

"ಸರಿಯಾಗಿ ಹುಡುಕಿ," ಎಂದರು ಅತ್ತೆ.

ತೆರೆದ. ಸೀರೆ ಇಲ್ಲ, ಶೀಶೆ ಇಲ್ಲ. ಆಕಾರಕ್ಕೆಂದು ತುರುಕಿದ ಒಂದು ದಿಂಬು. ದಿಂಬಿನ ಕೆಳಗೆ ಒಂದು ಕನ್ನಡಕದ ಡಬ್ಬಿ, ಅವನದೇ ಅಂಗಡಿಯದು. ಡಬ್ಬಿಯೊಳಗೆ ಒಂದು ಕಾಗದದ ಪಟ್ಟಿ. ಮೇಲೆ ಪುಟ್ಟ ದುಂಡು ಅಕ್ಷರದಲ್ಲಿ "ಮೊದಲು ಕಂಡವರು" ಎಂದು ಬರೆದು, ಕೆಳಗೆ ಒಂದು ಸಾಲು ಖಾಲಿ ಬಿಟ್ಟಿತ್ತು.

ಅವನು ಪಟ್ಟಿಯನ್ನು ಕೈಯಲ್ಲಿ ಹಿಡಿದು ಕೂತ. ಆಮೇಲೆ ಕೇಳಿದ, "ಆ ಬೆಂಚಿನ ಚೀಟಿ ನೋಡಿಯೂ ನನಗೆ ಗೊತ್ತಾಗದೇ ಹೋಗಿದ್ರೆ?"

"ಖಾಲಿ ಪೆಟ್ಟಿಗೆ ಹಿಡ್ಕೊಂಡೇ ಹೋಗ್ತಿದ್ದೆ. ದೊಡ್ಡವಳಿಗೆ ಕೊಟ್ಟ ಮಾತಿಗೆ ತಪ್ಪೋಕಾಗುತ್ತಾ?" ಎಂದರು ಅತ್ತೆ. "ಮೂರು ವರ್ಷ ನೀವು ಬಚ್ಚಿಟ್ಟಿದ್ದನ್ನೆಲ್ಲ ಹುಡುಕಿದೀನಿ. ಒಂದೇ ಒಂದು ಸಲ ನೀವು ನನ್ನನ್ನ ಹುಡುಕ್ತೀರೋ ಇಲ್ವೋ ಅಂತ ನೋಡಬೇಕು ಅನ್ನಿಸ್ತು. ಅಷ್ಟೇ."

"ಅತ್ತೆ, ನೀವಿಲ್ಲದೇ ಇದ್ರೆ ನಾನು ಯಾರಿಗೋಸ್ಕರ ಬಚ್ಚಿಡ್ಲಿ?" ಎಂದ ಅಳಿಯ. ಹೇಳಿದ ಮೇಲೆ ನಾಚಿಕೆಯಾಗಿ, ದಿಂಬು ಎತ್ತಿ, ಸುಮ್ಮನೆ ಅದರ ಧೂಳು ಕೊಡವಿದ.

ಅತ್ತೆ ಪಟ್ಟಿ ಕಟ್ಟಿದ ಕಾಲನ್ನು ಸ್ಟೂಲಿನಿಂದ ಇಳಿಸಿ, ಎದ್ದು, ಕುಂಟದೆ ಹೋಗಿ ಮೇಜಿನ ಮೇಲಿನ ಪೆನ್ನು ತಂದು ಕೊಟ್ಟರು.

"ಸಹಿ ಹಾಕಿ. ತಾರೀಕು ನಾನು ಬರೀತೀನಿ, ನೀವು ಮುಟ್ಟಬೇಡಿ."